ಮಾನಿಟರ್ ಕೊಳ್ಳುವ ಮುನ್ನ ಅದರಲ್ಲಿ ಕನ್ನಡ ಓದಿ ನೋಡಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಮಾನಿಟರ್ ಖರೀದಿ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಹೆಚ್ಚಿನವರು ಕೇಳಿರುವುದು ‘ಯಾವ ಕಂಪನಿದು ತಗೊಳ್ಳಲಿ?’ ಎಂದು. ಒಂದೇ ಕಂಪನಿ ಒಳ್ಳೆಯ ಪರದೆಯನ್ನೂ ಮಾಡುತ್ತದೆ, ಸಾಧಾರಣದ್ದನ್ನೂ ಮಾಡುತ್ತದೆ. ದಿನವಿಡೀ ನೀವು ಅದರಲ್ಲಿ ಏನು ನೋಡುತ್ತೀರಿ, ಎಷ್ಟು ದೂರ ಕೂತು ನೋಡುತ್ತೀರಿ ಎಂಬುದು ಮೊದಲು ತೀರ್ಮಾನವಾಗಬೇಕು.

ಪ್ರಶ್ನೆ: ಗುಬ್ಬಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪಿಂಗ್ ಎಲ್ಲ ಕನ್ನಡದಲ್ಲೇ. ಹಳೇ 19 ಇಂಚಿನ ಮಾನಿಟರ್ ಕೈಕೊಟ್ಟಿದೆ. 24 ಇಂಚು, 27 ಇಂಚು ಎರಡೂ ಫುಲ್ ಎಚ್‌ಡಿ, ಬೆಲೆಯಲ್ಲೂ ಅಂಥ ವ್ಯತ್ಯಾಸ ಇಲ್ಲ. ದೊಡ್ಡದನ್ನೇ ತಗೊಳ್ಳೋದು ಒಳ್ಳೇದಲ್ವಾ?

ಉತ್ತರ: ನಿಮ್ಮ ಕೆಲಸಕ್ಕೆ ಬೇಡ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿಗಳು. ಪರದೆ ಹಿಗ್ಗಿದರೂ ಚುಕ್ಕಿಗಳು ಅಷ್ಟೇ. 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92 ಚುಕ್ಕಿ ಕೂರುತ್ತವೆ, 27ರಲ್ಲಿ ಬರೀ 82. ಅದೇ ಅಕ್ಷರ ದಪ್ಪಗೆ ಕಾಣುತ್ತದೆ, ಸ್ಪಷ್ಟವಾಗಿ ಕಾಣುವುದಿಲ್ಲ.

ಬರೀ ಇಂಗ್ಲಿಷ್ ಟೈಪ್ ಮಾಡುವವರು ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಕನ್ನಡಕ್ಕೆ ಬಂದರೆ ಹಾಗಲ್ಲ. ಪ, ಫ, ಷ ಮೂರರ ಮೈಯೂ ಒಂದೇ. ಬುಡದಲ್ಲಿ ಒಂದು ಸೀಳು ಬಿದ್ದರೆ ಫ, ಹೊಟ್ಟೆಯಲ್ಲೊಂದು ಗೆರೆ ಎಳೆದರೆ ಷ. ಹತ್ತು ಪಾಯಿಂಟಿನ ಅಕ್ಷರದಲ್ಲಿ ಆ ಸೀಳಿಗೆ ಸಿಗುವ ಜಾಗ ಒಂದೋ ಎರಡೋ ಚುಕ್ಕಿ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಕೂಡ ಹೀಗೇ. ಇನ್ನು ‘ರಾಷ್ಟ್ರ’, ‘ವೈಶಿಷ್ಟ್ಯ’ ಅಂಥ ಪದಗಳಲ್ಲಿ ಒಂದು ಅಕ್ಷರದ ಕೆಳಗೆ ಎರಡೆರಡು ಒತ್ತು ಬರುತ್ತವೆ. ಚುಕ್ಕಿ ಸಾಲದ ಪರದೆಯಲ್ಲಿ ಅವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಲಗ್ನಪತ್ರಿಕೆಯಲ್ಲಿ ‘ವಧು’ ಹೋಗಿ ‘ವದು’ ಎಂದು ಅಚ್ಚಾದರೆ, ಹೆಣ್ಣಿನ ಕಡೆಯವರು ಅಂಗಡಿ ಮುಂದೆ ಬಂದು ನಿಂತಾಗ ಉತ್ತರ ಹೇಳಬೇಕಾದವರು ನೀವೇ.

ಹಾಗಾಗಿ ಫುಲ್ ಎಚ್‌ಡಿ ಸಾಕು ಎಂದಾದರೆ 24 ಇಂಚಿಗೆ ನಿಲ್ಲಿಸಿ. 27 ಇಂಚೇ ಬೇಕೆಂದರೆ 2560 ಬೈ 1440 ಚುಕ್ಕಿಗಳದ್ದನ್ನು ಕೇಳಿ. ಅಂಗಡಿಯವರು ಅದನ್ನು ‘ಟೂಕೆ’ ಅಥವಾ ‘ಕ್ಯೂಎಚ್‌ಡಿ’ ಎನ್ನುತ್ತಾರೆ. ಅದರಲ್ಲಿ ಇಂಚಿಗೆ 109 ಚುಕ್ಕಿ ಸಿಗುತ್ತದೆ. ದುಡ್ಡು ಹೆಚ್ಚು ಬೀಳುತ್ತದೆ, ಆದರೆ ದಿನಕ್ಕೆ ಎಂಟು ಗಂಟೆ ಅಕ್ಷರ ನೋಡುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

‘ಹಾಗಾದರೆ ಫೋರ್‌ಕೆ ಇನ್ನೂ ಒಳ್ಳೆಯದಲ್ಲವೇ?’ ಎಂದು ನೀವು ಕೇಳಬಹುದು. ಫೋರ್‌ಕೆ ಎಂದರೆ 3840 ಬೈ 2160 ಚುಕ್ಕಿ. 27 ಇಂಚಿನ ಫೋರ್‌ಕೆಯಲ್ಲಿ ಇಂಚಿಗೆ 163 ಚುಕ್ಕಿ, ಒತ್ತಕ್ಷರಗಳು ಅಚ್ಚಿನಲ್ಲಿ ಕಂಡ ಹಾಗೇ ಕಾಣುತ್ತವೆ. ಆದರೆ ಎಲ್ಲವೂ ತೀರಾ ಸಣ್ಣದಾಗುವುದರಿಂದ ವಿಂಡೋಸ್‌ನಲ್ಲಿ 150 ಪರ್ಸೆಂಟ್ ಸ್ಕೇಲಿಂಗ್ ಇಡಬೇಕಾಗುತ್ತದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನಡೆಯುತ್ತಿರುವ ಪೇಜ್‌ಮೇಕರ್‌ನಂಥ ಹಳೆಯ ಸಾಫ್ಟ್‌ವೇರ್‌ಗಳಿಗೆ ಈ ಸ್ಕೇಲಿಂಗ್ ಗೊತ್ತಿಲ್ಲ. ವಿಂಡೋಸ್ ಅವನ್ನು ಹಾಗೇ ಎಳೆದು ದೊಡ್ಡದು ಮಾಡುತ್ತದೆ, ಅಕ್ಷರ ಮಸುಕಾಗುತ್ತದೆ. ಫೋರ್‌ಕೆಗೆ ಕೊಟ್ಟ ಹಣವೆಲ್ಲ ನೀರಿನಲ್ಲಿ ಹೋಮ. ಪೇಜ್‌ಮೇಕರ್ ಬಿಡುವವರೆಗೆ ಟೂಕೆ ಸಾಕು.

ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಕೆಲಸವನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಲ್ಲಿ ಓಡುತ್ತಿರುವ ಹೂವು, ಜಲಪಾತದ ವಿಡಿಯೊ ಯಾವ ಪರದೆಯಲ್ಲೂ ಚಂದವೇ. ಅದನ್ನು ನಿಲ್ಲಿಸಲು ಹೇಳಿ, ನಿಮ್ಮ ಪುಟ ತೆರೆದು, ನೂರು ಪರ್ಸೆಂಟ್ ಅಳತೆಯಲ್ಲಿಟ್ಟು ಓದಿ. ಕಂಪ್ಯೂಟರಿನ ರೆಸಲ್ಯೂಷನ್ ಆ ಪರದೆಯ ಪೂರ್ತಿ ರೆಸಲ್ಯೂಷನ್ನಿಗೇ ಇದೆಯೇ ನೋಡಿಕೊಳ್ಳಿ. ಕಡಿಮೆಗೆ ಇಟ್ಟಿದ್ದರೆ ಒಳ್ಳೆಯ ಮಾನಿಟರೂ ಮಂಜಾಗಿ ಕಾಣುತ್ತದೆ. ಮನೆಗೆ ತಂದ ಮೇಲೆ ವಿಂಡೋಸ್‌ನಲ್ಲಿ ಅಕ್ಷರದ ಅಂಚು ತಿದ್ದುವ ಕ್ಲಿಯರ್‌ಟೈಪ್ ಹೊಂದಾಣಿಕೆಯನ್ನು ಒಮ್ಮೆ ಮಾಡಿ. ಐದು ನಿಮಿಷದ ಕೆಲಸ, ಒತ್ತಕ್ಷರ ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಕೋಲಾರದಲ್ಲಿ ಬಾಡಿಗೆ ಮನೆ, ಜಾಗ ಕಡಿಮೆ. 32 ಇಂಚಿನ ಟಿವಿಯನ್ನೇ ಮಾನಿಟರ್ ಆಗಿ ಬಳಸಿದರೆ ಎರಡು ಕೆಲಸ ಆಗುತ್ತಲ್ಲ?

ಉತ್ತರ: ಸಿನಿಮಾ ನೋಡಲು ಆಗುತ್ತದೆ, ಓದಲು ಬರೆಯಲು ಆಗುವುದಿಲ್ಲ. ಕಡಿಮೆ ಬೆಲೆಯ 32 ಇಂಚಿನ ಟಿವಿಗಳಲ್ಲಿ ಬಹುಪಾಲು ‘ಎಚ್‌ಡಿ ರೆಡಿ’. ಅಂದರೆ 1366 ಬೈ 768 ಚುಕ್ಕಿ, ಇಂಚಿಗೆ 49 ಮಾತ್ರ. ಹತ್ತಡಿ ದೂರದ ಸೋಫಾದಿಂದ ನೋಡಲೆಂದು ಮಾಡಿದ್ದನ್ನು ಎರಡಡಿಯಿಂದ ನೋಡಿದರೆ ಚುಕ್ಕಿ ಚುಕ್ಕಿಯಾಗಿಯೇ ಕಾಣುತ್ತದೆ. ಮಾನಿಟರ್ ತಂದು ಅದರಲ್ಲೇ ಸಿನಿಮಾ ನೋಡಿ, ಜಾಗ ಉಳಿಯುತ್ತದೆ. ಸ್ಪೀಕರ್ ಇರುವ ಮಾಡೆಲ್ಲೇ ಎಂದು ಕೇಳಿ ತನ್ನಿ, ಹಲವು ಮಾನಿಟರ್‌ಗಳಲ್ಲಿ ಅದು ಇರುವುದಿಲ್ಲ.

ಪ್ರಶ್ನೆ: ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು ಐವತ್ತು ದಾಟಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಟ್ಯಾಲಿ, ಎಕ್ಸೆಲ್. ಸಂಜೆ ಹೊತ್ತಿಗೆ ಕಣ್ಣುರಿ, ತಲೆನೋವು, ಕತ್ತು ನೋವು. ನೀಲಿ ಬೆಳಕು ತಡೆಯುವ ಮಾನಿಟರ್ ತಗೊಂಡರೆ ಸರಿಹೋಗುತ್ತಾ ಸರ್?

ಉತ್ತರ: ನೀಲಿ ಬೆಳಕಿನ ಮಾತು ಜಾಹೀರಾತಿನಲ್ಲಿ ದೊಡ್ಡದು, ನಿಮ್ಮ ಕಣ್ಣುರಿಯಲ್ಲಿ ಅದರ ಪಾಲು ಚಿಕ್ಕದು. ಕಂಪ್ಯೂಟರ್ ಕೆಲಸಕ್ಕೆಂದು ನೀಲಿ ಬೆಳಕು ತಡೆಯುವ ಕನ್ನಡಕವನ್ನು ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ಶಿಫಾರಸು ಮಾಡುವುದಿಲ್ಲ. ಪರದೆಯನ್ನೇ ದಿಟ್ಟಿಸಿ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ, ಉರಿ ಶುರುವಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದು ಇದಕ್ಕೇ. ಮಂಡಿಯ ಅಂಗಳದಲ್ಲಿ ದೂರ ನೋಡಲು ಜಾಗಕ್ಕೇನೂ ಬರವಿಲ್ಲ.

ಆಮೇಲೆ ನೀವು ಕೂರುವ ಜಾಗ. ಮಂಡಿಯಲ್ಲಿ ಶಟರ್ ಪೂರ್ತಿ ಎತ್ತಿರುತ್ತದೆ, ರಸ್ತೆಯ ಬಿಸಿಲೆಲ್ಲ ಒಳಗೇ. ಶಟರಿಗೆ ಬೆನ್ನು ಹಾಕಿ ಕೂತರೆ ಆ ಬೆಳಕು ಪರದೆಯ ಮೇಲೆ ಬಿದ್ದು ಅಂಕಿ ತೊಳೆದು ಹಾಕುತ್ತದೆ. ಶಟರಿಗೆ ಮುಖ ಮಾಡಿ ಕೂತರೆ ಪರದೆಯ ಹಿಂದಿನ ಬಿಸಿಲು ಕಣ್ಣು ಕುಕ್ಕುತ್ತದೆ. ಮೇಜನ್ನು ತಿರುಗಿಸಿ, ಬೆಳಕು ಪಕ್ಕದಿಂದ ಬರುವ ಹಾಗೆ ಕೂರಿ. ಹೊಸ ಮಾನಿಟರ್ ತರುವ ಮೊದಲು ಇದನ್ನು ಮಾಡಿ ನಾಲ್ಕು ದಿನ ನೋಡಿ, ಖರ್ಚೇ ಇಲ್ಲದೆ ಅರ್ಧ ನೋವು ಇಳಿದರೂ ಇಳಿಯಿತು. ಬ್ರೈಟ್‌ನೆಸ್ ನೂರಕ್ಕೇ ಇಟ್ಟಿದ್ದರೆ ತಗ್ಗಿಸಿ. ಪರದೆಯ ಪಕ್ಕದಲ್ಲೊಂದು ಬಿಳಿ ಹಾಳೆ ಹಿಡಿಯಿರಿ, ಎರಡರ ಬಿಳುಪೂ ಹೆಚ್ಚುಕಡಿಮೆ ಒಂದೇ ಆದರೆ ಸರಿಯಾಗಿದೆ ಎಂದರ್ಥ.

ಕತ್ತು ನೋವಿಗೆ ಇನ್ನೊಂದು ಕಾರಣ ನಿಮ್ಮ ಕನ್ನಡಕ ಇರಬಹುದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಎಂಬುದು ಸಾಮಾನ್ಯ ಸಲಹೆ. ಆದರೆ ಕೆಳಗೆ ಓದುವ ಗಾಜಿರುವ ಬೈಫೋಕಲ್ ಹಾಕಿದ್ದರೆ, ಆ ಗಾಜಿನಲ್ಲಿ ನೋಡಲು ನೀವು ದಿನವಿಡೀ ಗಲ್ಲ ಎತ್ತಿಕೊಂಡೇ ಇರುತ್ತೀರಿ. ಅಂಥವರಿಗೆ ಮಾನಿಟರ್ ಇನ್ನೂ ಕೆಳಗಿರಬೇಕು, ತುಸು ಹಿಂದಕ್ಕೆ ವಾಲಿರಬೇಕು. ಎತ್ತರ ಹೊಂದಿಸಲು ಬರುವ ಸ್ಟ್ಯಾಂಡ್ ಇರುವುದನ್ನೇ ಕೊಳ್ಳಿ. ಪರದೆ ಒಂದು ತೋಳಿನ ದೂರದಲ್ಲಿರಲಿ. ಕಂಪ್ಯೂಟರ್ ದೂರಕ್ಕೆ ಬೇರೆ ನಂಬರಿನ ಕನ್ನಡಕ ಬೇಕಾಗಬಹುದು, ಕಣ್ಣಿನ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಮಾನಿಟರಿನಲ್ಲೇ ನೋಡಬೇಕಾದದ್ದು ‘ಫ್ಲಿಕರ್ ಫ್ರೀ’ ಎಂಬ ಗುಣ. ಕೆಲವು ಪರದೆಗಳು ಬೆಳಕು ತಗ್ಗಿಸಬೇಕಾದಾಗ ಹಿಂಬದಿಯ ಎಲ್‌ಇಡಿಗಳನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಗೊತ್ತಾಗದಿದ್ದರೂ ಕೆಲವರಿಗೆ ಅದರಿಂದಲೇ ತಲೆನೋವು ಬರುತ್ತದೆ. ಅಂಗಡಿಯಲ್ಲಿ ಬ್ರೈಟ್‌ನೆಸ್ಸನ್ನು ಇಪ್ಪತ್ತಕ್ಕೆ ಇಳಿಸಿ, ಬಿಳಿ ಪುಟ ತೆರೆದು, ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಕಪ್ಪು ಪಟ್ಟೆಗಳು ಹರಿದಾಡಿದರೆ ಆ ಮಾಡೆಲ್ ನಿಮಗೆ ಬೇಡ.

ಪ್ರಶ್ನೆ: ಮಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲು 144 ಹರ್ಟ್ಸ್ ಮಾನಿಟರೇ ಬೇಕು ಅಂತಾನೆ. ಅದು ಆಟಕ್ಕೆ ಮಾತ್ರವಾ, ಓದಿಗೂ ಬೇಕಾ?

ಉತ್ತರ: ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬಿಡಿಸುತ್ತದೆ ಎಂಬುದೇ ಹರ್ಟ್ಸ್. 60 ಹರ್ಟ್ಸಿನದು ಸುಮಾರು 16.7 ಮಿಲಿಸೆಕೆಂಡಿಗೊಂದು ಚಿತ್ರ ಕೊಟ್ಟರೆ, 144ರದು 7 ಮಿಲಿಸೆಕೆಂಡಿಗೊಂದು. ಓದಿಗೆ, ಕೋಡಿಂಗಿಗೆ 75 ಅಥವಾ 100 ಧಾರಾಳ ಸಾಕು. ವೇಗದ ಆಟಗಳಲ್ಲಿ 144 ನಿಜವಾಗಿಯೂ ಅನುಕೂಲ, ಹುಡುಗ ಸುಳ್ಳು ಹೇಳುತ್ತಿಲ್ಲ. ಆದರೆ ಆಟದಲ್ಲಿ ಅಷ್ಟು ಚಿತ್ರಗಳನ್ನು ಮಾಡಿ ಕಳಿಸುವ ಗ್ರಾಫಿಕ್ಸ್ ಅವನ ಲ್ಯಾಪ್‌ಟಾಪಿನಲ್ಲಿದೆಯೇ? ಮೊದಲು ಅದನ್ನು ಕೇಳಿ. ಮಾನಿಟರಿನ ವೈರ್ ಸಿಕ್ಕಿಸುವ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ಹಳೆಯ 1.4 ಆವೃತ್ತಿಯದಾಗಿದ್ದರೆ ಫುಲ್ ಎಚ್‌ಡಿಯಲ್ಲಿ ಸಾಮಾನ್ಯವಾಗಿ 120ರ ಆಚೆ ಹೋಗದು, ಫೋರ್‌ಕೆ ಆದರಂತೂ 30ಕ್ಕೇ ನಿಲ್ಲುತ್ತದೆ, ಮೌಸ್ ಎಳೆದರೆ ತಡವರಿಸುತ್ತದೆ. ಮಾನಿಟರ್ ತಂದ ಮೇಲೂ ವಿಂಡೋಸ್ ಹಲವು ಸಲ 60ರಲ್ಲೇ ಓಡಿಸುತ್ತಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್‌ಡ್‌ಗೆ ಹೋಗಿ ಕೈಯಾರೆ ಏರಿಸಬೇಕು.

ಡಬ್ಬದ ಮೇಲಿನ ‘1 ಮಿಲಿಸೆಕೆಂಡ್’ ಎಂಬ ದೊಡ್ಡ ಅಕ್ಷರಕ್ಕೆ ಮರುಳಾಗಬೇಡಿ. ಚುಕ್ಕಿ ಬಣ್ಣ ಬದಲಿಸಲು ಹಿಡಿಯುವ ಸಮಯ ಅದು. ಅದನ್ನು ಅಳೆಯುವ ಬಗೆ ಒಂದಕ್ಕಿಂತ ಹೆಚ್ಚಿದೆ, ಕಂಪನಿಗಳು ತಮಗೆ ಅನುಕೂಲವಾದದ್ದನ್ನು ಅಚ್ಚು ಹಾಕುತ್ತವೆ. ಮಗನ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನೂ ಕಳಿಸಬಲ್ಲ, ಚಾರ್ಜನ್ನೂ ತೆಗೆದುಕೊಳ್ಳಬಲ್ಲ ಟೈಪ್-ಸಿ ಕಿಂಡಿ ಇದ್ದರೆ, 65 ವ್ಯಾಟ್ ಕೊಡುವ ಟೈಪ್-ಸಿ ಮಾನಿಟರಿನ ಬಗ್ಗೆ ಯೋಚಿಸಿ. ಒಂದೇ ವೈರಿನಲ್ಲಿ ಚಿತ್ರವೂ ಚಾರ್ಜೂ ಎರಡೂ ಆಗುತ್ತವೆ. ಹಾಸ್ಟೆಲಿನ ಸಣ್ಣ ಮೇಜಿಗೆ ಇದು 144 ಹರ್ಟ್ಸಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಚಿಂತಾಮಣಿಯಲ್ಲಿ ಫೋಟೊ ಸ್ಟುಡಿಯೊ ಇದೆ. ಮದುವೆ ಆಲ್ಬಂ ಪರದೆಯಲ್ಲಿ ಒಂದು ಬಣ್ಣ, ಲ್ಯಾಬಿನಿಂದ ಬಂದಾಗ ಇನ್ನೊಂದು ಬಣ್ಣ. ಯಾವ ಪ್ಯಾನೆಲ್ ತಗೊಳ್ಳಲಿ?

ಉತ್ತರ: ಐಪಿಎಸ್. ಚಿತ್ರ ಮೂಡಿಸುವ ಒಳಗಿನ ಹಲಗೆಯೇ ಪ್ಯಾನೆಲ್, ಟಿಎನ್, ವಿಎ, ಐಪಿಎಸ್ ಅದರ ಬಗೆಗಳು. ಟಿಎನ್ ಪ್ಯಾನೆಲಿನಲ್ಲಿ ತಲೆ ನಾಲ್ಕಿಂಚು ಮೇಲೆ ಕೆಳಗೆ ಮಾಡಿದರೂ ಮುಖದ ಬಣ್ಣ ಬದಲಾಗುತ್ತದೆ. ವಿಎ ಪ್ಯಾನೆಲ್ ಕಪ್ಪನ್ನು ಆಳವಾಗಿ ತೋರಿಸುತ್ತದೆ, ಬಿಳಿ-ಕಪ್ಪಿನ ಅಂತರ, ಅಂದರೆ ಕಾಂಟ್ರಾಸ್ಟ್, ಮೂರು ಸಾವಿರಕ್ಕೊಂದರ ಆಸುಪಾಸು, ಸಾಧಾರಣ ಐಪಿಎಸ್‌ನದು ಸಾವಿರಕ್ಕೊಂದು. ಸಿನಿಮಾಕ್ಕೆ ವಿಎ ಚೆನ್ನ, ಬಣ್ಣ ತಿದ್ದುವ ಕೆಲಸಕ್ಕೆ ಐಪಿಎಸ್ಸೇ ಸರಿ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬ ವ್ಯಾಪ್ತಿ ಎಸ್‌ಆರ್‌ಜಿಬಿ ಅಳತೆಯಲ್ಲಿ ನೂರು ಪರ್ಸೆಂಟ್ ಹತ್ತಿರ ಇರಲಿ. ಕೆಲವರು ಇನ್ನೊಂದು ಅಳತೆಯಲ್ಲಿ ‘ಎನ್‌ಟಿಎಸ್‌ಸಿ 72 ಪರ್ಸೆಂಟ್’ ಎಂದು ಬರೆದಿರುತ್ತಾರೆ, ವ್ಯಾಪ್ತಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅದೇ. ‘45 ಪರ್ಸೆಂಟ್’ ಎಂದಿದ್ದರೆ ಕೈಬಿಡಿ, ರೇಷ್ಮೆ ಸೀರೆಯ ಕೆಂಪು ಅದರಲ್ಲಿ ಸತ್ತು ಹೋಗುತ್ತದೆ.

ಮಾನಿಟರ್ ಬದಲಿಸಿದ ಮಾತ್ರಕ್ಕೆ ಲ್ಯಾಬಿನ ಬಣ್ಣ ಕೂಡಿಬರದು. ಅಂಗಡಿಯಿಂದ ಬಂದಾಗ ಪರದೆ ಅತಿ ಪ್ರಕಾಶದಲ್ಲಿರುತ್ತದೆ, ಅದನ್ನು ನೋಡಿ ನೀವು ಫೋಟೊ ಮಂಕು ಮಾಡುತ್ತೀರಿ, ಪ್ರಿಂಟು ಕಪ್ಪಾಗಿ ಬರುತ್ತದೆ. ಮೊದಲು ಬೆಳಕು ತಗ್ಗಿಸಿ, ಲ್ಯಾಬಿನ ಪ್ರಿಂಟರ್ ಬಣ್ಣ ಹೇಗೆ ಮೂಡಿಸುತ್ತದೆ ಎಂದು ತಿಳಿಸುವ ಪ್ರೊಫೈಲ್ ಫೈಲನ್ನು ಅವರಿಂದ ಕೇಳಿ ಹಾಕಿಕೊಳ್ಳಿ. ಆಗಲೂ ಹೊಂದದಿದ್ದರೆ ಬಣ್ಣ ಅಳೆದು ಹೊಂದಿಸುವ ಕ್ಯಾಲಿಬ್ರೇಟರ್ ಬೇಕು. ಊರಿನ ಮೂರ್ನಾಲ್ಕು ಸ್ಟುಡಿಯೊದವರು ಸೇರಿ ಒಂದನ್ನು ಕೊಂಡರೂ ನಡೆಯುತ್ತದೆ.

ಪ್ರಶ್ನೆ: ಪಾವಗಡದ ಹತ್ತಿರ ಮಕ್ಕಳಿಗೆ ಕಂಪ್ಯೂಟರ್ ತರಗತಿ ಶುರುಮಾಡುತ್ತಿದ್ದೇವೆ. ಬೆಂಗಳೂರಿನ ಕಚೇರಿಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಮಾನಿಟರ್ ತರಬಹುದಾ? ಕರೆಂಟು ಬೇರೆ ಹೋಗಿ ಬಂದು ಮಾಡುತ್ತೆ.

ಉತ್ತರ: ಧೈರ್ಯವಾಗಿ ತನ್ನಿ, ನೋಡಿ ತನ್ನಿ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ಹಾಕಿಸಿ. ಸತ್ತ ಚುಕ್ಕಿ, ಅಂಚಿನ ಹಳದಿ, ಗೆರೆ ಎಲ್ಲ ಆಗ ಬಯಲಾಗುತ್ತವೆ. ಹತ್ತು ನಿಮಿಷ ಓಡಿಸಿಯೇ ದುಡ್ಡು ಕೊಡಿ, ಹಿಂಬದಿಯ ದೀಪ ಸೋತಿರುವುದು ಬಿಸಿಯಾದ ಮೇಲೆ ತಿಳಿಯುತ್ತದೆ. ಹಳೆಯವಕ್ಕೆ ವಿಜಿಎ ಕಿಂಡಿ ಮಾತ್ರ ಇದ್ದು, ನಿಮ್ಮ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಬರೀ ವೈರ್ ಸಾಲದು, ಸಿಗ್ನಲ್ ಬದಲಿಸುವ ಕನ್ವರ್ಟರ್ ಬೇಕು. 24 ಇಂಚಿನ ಎಲ್‌ಇಡಿ ಮಾನಿಟರ್ ಇಪ್ಪತ್ತು ಇಪ್ಪತ್ತೈದು ವ್ಯಾಟ್ ಎಳೆಯುತ್ತದೆ, ಯುಪಿಎಸ್‌ಗೆ ಅದು ಭಾರವಲ್ಲ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಗುಡುಗು ಸಿಡಿಲು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಪ್ರಶ್ನೆ: ಗೌರಿಬಿದನೂರಿನವರು ನಾವು. ಆನ್‌ಲೈನ್‌ನಲ್ಲಿ ತರಿಸಿದರೆ ಕಡಿಮೆ ಸಿಗುತ್ತೆ. ಅಂಗಡಿಯಲ್ಲಿ ತಗೊಂಡರೆ ಏನು ಲಾಭ?

ಉತ್ತರ: ಕಣ್ಣಾರೆ ನೋಡಿ ಕೊಳ್ಳುವ ಲಾಭ. ಆನ್‌ಲೈನ್ ಆದರೆ ಎರಡು ಸಂಗತಿ ಮೊದಲೇ ತಿಳಿದುಕೊಳ್ಳಿ: ರಿಪೇರಿಯವರು ನಿಮ್ಮ ಪಿನ್‌ಕೋಡಿಗೆ ಬರುತ್ತಾರೋ ಅಥವಾ ನೀವೇ ಬೆಂಗಳೂರಿಗೆ ಹೊತ್ತೊಯ್ಯಬೇಕೋ, ಮತ್ತು ಎಷ್ಟು ಸತ್ತ ಚುಕ್ಕಿ ಇದ್ದರೆ ಬದಲಿಸಿಕೊಡುತ್ತಾರೆ. ಒಂದೆರಡು ಇದ್ದರೆ ವಾರಂಟಿಗೆ ಸೇರಿಸದ ಕಂಪನಿಗಳೂ ಇವೆ. ಡಬ್ಬ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ವಾಪಸ್ ಮಾಡುವ ಅವಧಿ ಮುಗಿಯುವವರೆಗೆ ಥರ್ಮಕೋಲ್ ಸಮೇತ ಡಬ್ಬ ಎಸೆಯಬೇಡಿ. ಹಿಂಬದಿಯ ಲೇಬಲ್ಲಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ದೂರು ಕೊಡಲು ಆ ಬಿಲ್ಲೇ ಕೇಳುತ್ತಾರೆ.