ಗೋಟೂರಿನಿಂದ ಶುರು ಮಾಡಬೇಡಿ

ಪ್ರಿಯ ಲೇಖಕರೇ,

ಸಿನಿಮಾ ನಟಿ ಕಲ್ಪನಾ ಅವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸುವುದಕ್ಕೆ ಆಗುವುದಿಲ್ಲ. ಹಾಗಂತ ಒಂದು ಸಾಲಿನ ವಿಷಾದ ಪತ್ರ ಹಾಕಿ ಕೈ ತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಆರನೇ ಪುಟದಲ್ಲಿ ನಿಮ್ಮ ಅಜ್ಜಿ ಬರುತ್ತಾರಲ್ಲ, ಈ ಉದ್ದದ ಪತ್ರ ಅವರ ದೆಸೆಯಿಂದ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಲೇಖನ ಶುರುವಾಗುವುದು ಹೀಗೆ: 'ಅಂದು 1979ರ ಮೇ 12. ಬೆಳಗಾವಿ ಜಿಲ್ಲೆಯ ಗೋಟೂರಿನ ಆ ಒಂಟಿ ಕೋಣೆಯಲ್ಲಿ ಮಿನುಗುತಾರೆಯೊಂದು ಕಳಚಿ ಬಿತ್ತು.' ಕಲ್ಪನಾ ಬಗ್ಗೆ ನಮಗೆ ಬರುವ ಲೇಖನಗಳಲ್ಲಿ ಹೆಚ್ಚಿನವು ಇದೇ ಕೋಣೆಯಿಂದ ಶುರುವಾಗುತ್ತವೆ. ಯಾರು ಬರೆದರೂ ಬಾಗಿಲು ತೆಗೆದು ಮೊದಲು ಅಲ್ಲಿಗೇ ಹೋಗುತ್ತಾರೆ. ನೀವು ಏಳು ಪುಟ ಬರೆದಿದ್ದೀರಿ. ಅದರಲ್ಲಿ ಮೂರು ಪುಟ ಆ ಕೊನೆಯ ದಿನಗಳದ್ದೇ. ಯಾರು ಯಾರಿಗೆ ಏನಂದರು, ಯಾರ ಜೊತೆ ಜಗಳ, ಯಾರು ಕೈಬಿಟ್ಟರು, ಎಲ್ಲಾ ಇದೆ. ಸುಮ್ನೆ ಕುತೂಹಲಕ್ಕೆ ಪೆನ್ಸಿಲ್ ಹಿಡಿದು ಎಣಿಸಿದೆ. ಆ ಮೂರು ಪುಟಗಳಲ್ಲಿ 'ಅಂತೆ' 19 ಸಲ ಬಂದಿದೆ, 'ಬಲ್ಲವರು ಹೇಳುತ್ತಾರೆ' ನಾಲ್ಕು ಸಲ. ಆ ಬಲ್ಲವರು ಯಾರು, ಸ್ವಾಮಿ? ಅಂತೆಗೆ ಕಂತೆ ಸೇರಿಸುತ್ತಾ ಹೋದರೆ ಸಂತೆ ಆಗುತ್ತದೆ, ಲೇಖನ ಆಗುವುದಿಲ್ಲ.

ಆಕೆ ಹೇಗೆ ಸತ್ತರು ಅನ್ನುವ ವಿವರಗಳನ್ನು ನಾವು ಅಚ್ಚು ಹಾಕುವುದಿಲ್ಲ. ಇದು ನಮ್ಮ ಪತ್ರಿಕೆಯ ಪದ್ಧತಿ. ಕೊನೆಯ ವರ್ಷಗಳ ಬಗ್ಗೆ ಎರಡೇ ವಾಕ್ಯ ಸಾಕು. ಸಿನಿಮಾ ಅವಕಾಶಗಳು ಕಡಿಮೆಯಾದ ಮೇಲೆ ನಾಟಕ ಕಂಪನಿಯ ಜೊತೆ ಊರೂರು ತಿರುಗುತ್ತಿದ್ದರು, ಹಾಗೆ ಹೋದಲ್ಲೇ ತೀರಿಕೊಂಡರು, 36 ತುಂಬಿರಲಿಲ್ಲ. ಇಷ್ಟು ಹೇಳಿದರೆ ಓದುವವರಿಗೆ ಬೇಕಾದ ಸಂಕಟ ಆಗಿಯೇ ಆಗುತ್ತದೆ. ನೀವು ಹಿಂದಿನಿಂದ ವಯಲಿನ್ ಬಾರಿಸುವುದು ಬೇಡ.

ಇನ್ನೊಂದು ಸಾಲು ನನಗೆ ತುಂಬಾ ಕಿರಿಕಿರಿ ಮಾಡಿತು. 'ತೆರೆಯ ಮೇಲೆ ಅನುಭವಿಸಿದ ದುರಂತವನ್ನೇ ಬದುಕಿನಲ್ಲೂ ಅನುಭವಿಸಿದರು' ಎಂದಿದ್ದೀರಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನಿಜವಾ? 'ಗೆಜ್ಜೆಪೂಜೆ'ಯ ಚಂದ್ರಾ ಸಾಯುತ್ತಾಳೆ, ಸರಿ. 'ಬೆಳ್ಳಿಮೋಡ'ದ ಇಂದಿರಾ ಸಾಯುತ್ತಾಳಾ? ಅವಳು 'ಇಲ್ಲ' ಅನ್ನುತ್ತಾಳೆ. ಆಸ್ತಿ ಇದ್ದಾಗ ಮದುವೆಗೆ ಒಪ್ಪಿದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತಲೇ ಜಾರಿಕೊಳ್ಳುತ್ತಾನೆ. ಆಮೇಲೆ ಅವನು ಕಾಲು ಮುರಿದುಕೊಂಡು ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಎದ್ದು ನಿಂತವನಿಗೆ ಮತ್ತೆ ಪ್ರೀತಿ ನೆನಪಾಗುತ್ತದೆ. ಇಂದಿರಾ ಒಪ್ಪುವುದಿಲ್ಲ. 1967ರಲ್ಲಿ, ತುಂಬಿದ ಥಿಯೇಟರಿನಲ್ಲಿ, ಕನ್ನಡದ ನಾಯಕಿಯೊಬ್ಬಳು ಕ್ಷಮಿಸುತ್ತಾಳೆ, ಆದರೆ ಮದುವೆಯಾಗುವುದಿಲ್ಲ. ಇದು ದುರಂತವಾ? ನನಗಂತೂ ಹಾಗೆ ಕಾಣುವುದಿಲ್ಲ. ಸಾವಿನ ಕಡೆಯಿಂದ ನೋಡುತ್ತಾ ಬಂದಿದ್ದೀರಿ, ಅದಕ್ಕೇ ನಿಮಗೆ ಎಲ್ಲಾ ಕಡೆ ಕಣ್ಣೀರೇ ಕಂಡಿದೆ.

ಈಗ ತಪ್ಪುಗಳು. ಬೇಗ ಮುಗಿಸುತ್ತೇನೆ. ಕಲ್ಪನಾ ಅವರ ಮೊದಲ ಚಿತ್ರ 'ಬೆಳ್ಳಿಮೋಡ' ಅಲ್ಲ. ಬಿ.ಆರ್. ಪಂತುಲು ನಿರ್ದೇಶಿಸಿದ 'ಸಾಕುಮಗಳು', 1963. 'ಹಣ್ಣೆಲೆ ಚಿಗುರಿದಾಗ' ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರದ್ದಲ್ಲ, ಎಂ.ಆರ್. ವಿಠಲ್ ಅವರದ್ದು. 'ಎರಡು ಕನಸು' ಕೂಡ ಪುಟ್ಟಣ್ಣನವರದ್ದಲ್ಲ, ದೊರೈ-ಭಗವಾನ್ ಜೋಡಿಯದ್ದು. ಕಲ್ಪನಾ ಚೆನ್ನಾಗಿ ನಟಿಸಿದ್ದಾರೆ ಎಂದರೆ ಅದು ಪುಟ್ಟಣ್ಣನವರದ್ದೇ ಇರಬೇಕು ಅಂತ ನೀವೇ ತೀರ್ಮಾನ ಮಾಡಿಕೊಂಡ ಹಾಗಿದೆ. ಹಾಗೆಯೇ, 'ಗೆಜ್ಜೆಪೂಜೆ' ತ್ರಿವೇಣಿಯವರ ಕಾದಂಬರಿ ಅಲ್ಲ, ಎಂ.ಕೆ. ಇಂದಿರಾ ಅವರದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ತಪ್ಪಿನ ಕೆಳಗೇ ನಿಮ್ಮ ನಿಜವಾದ ಲೇಖನ ಹೂತುಹೋಗಿದೆ.

ಕಲ್ಪನಾ ಅವರಿಗೆ ಅತ್ಯುತ್ತಮ ನಟಿ ಅಂತ ರಾಜ್ಯ ಪ್ರಶಸ್ತಿ ಮೂರು ಸಲ ಬಂತು ಎಂದು ಬರೆದಿದ್ದೀರಿ. ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಯಾವ ಮೂರು? 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ'. ಮೂರನ್ನೂ ಒಂದು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದು ನೋಡಿ. ಮೂರೂ ತ್ರಿವೇಣಿಯವರ ಕಾದಂಬರಿಗಳು. ಇಡೀ ಏಳು ಪುಟದಲ್ಲಿ ನೀವು ತ್ರಿವೇಣಿಯವರ ಹೆಸರು ಹೇಳಿರುವುದು ಎರಡು ಸಲ, ಅದರಲ್ಲಿ ಒಂದು ತಪ್ಪು!

ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ. 'ಸಾಕುಮಗಳು' ಬಂದದ್ದೂ ಅದೇ ವರ್ಷ. ತನ್ನ 'ಬೆಳ್ಳಿಮೋಡ'ದ ಇಂದಿರಾಳನ್ನು, ತನ್ನ 'ಶರಪಂಜರ'ದ ಕಾವೇರಿಯನ್ನು ತೆರೆಯ ಮೇಲೆ ತರುವ ಹುಡುಗಿಯ ಕೆಲಸವನ್ನು ಆಕೆ ನೋಡಲೇ ಇಲ್ಲ. ಸೈಕಾಲಜಿ ಓದಿದ ಮೈಸೂರಿನ ಹೆಣ್ಣುಮಗಳು, ಕೆಲವೇ ವರ್ಷಗಳಲ್ಲಿ ಸುಮಾರು 20 ಕಾದಂಬರಿ ಬರೆದು ಹೋದರು. ಮಂಗಳೂರಿನ ಕಡೆಯ ಇನ್ನೊಬ್ಬ ಹೆಣ್ಣುಮಗಳು ಅವುಗಳಲ್ಲಿ ಮೂರಕ್ಕೆ ಮುಖ ಕೊಟ್ಟರು. ಇಬ್ಬರೂ ನಲವತ್ತು ಮುಟ್ಟಲಿಲ್ಲ. ಇದನ್ನು ಬಿಟ್ಟು ಗೋಟೂರಿನ ಕೋಣೆಯಲ್ಲಿ ಏನು ಹುಡುಕುತ್ತಿದ್ದೀರಿ?

ಇನ್ನೂ ಸ್ವಲ್ಪ ಮುಂದೆ ಹೋಗಿ. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ. ಕಲ್ಪನಾ ಎರಡು ಪಾತ್ರ ಮಾಡಿದ 'ಕಪ್ಪು ಬಿಳುಪು' ಆರ್ಯಾಂಬ ಪಟ್ಟಾಭಿ, ಅಂದರೆ ತ್ರಿವೇಣಿಯವರ ತಂಗಿ. 'ಎರಡು ಕನಸು' ವಾಣಿ. ಎಲ್ಲಾ ಹೆಂಗಸರೇ ಬರೆದದ್ದು. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ, ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕ ಹಿಡಿದು ಕೂರುತ್ತಿದ್ದ ಹೆಂಗಸರು ಓದಿದ್ದು. ನಮ್ಮ ಮನೆಯಲ್ಲಿ ಅಂಥ ಒಂದು ಪುಸ್ತಕವನ್ನು ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಸರದಿ ಮೇಲೆ ಓದುತ್ತಿದ್ದರು, ಹಿಂತಿರುಗಿಸುವ ದಿನ ದಾಟಿ ದಂಡ ಕಟ್ಟುವುದು ಮಾಮೂಲು. ಅವರೆಲ್ಲ ಸಿನಿಮಾಕ್ಕೆ ಹೋದದ್ದು ಕಥೆ ತಿಳಿಯುವುದಕ್ಕಲ್ಲ. ಕಥೆ ಗೊತ್ತೇ ಇತ್ತು. ತಾವು ಮನಸ್ಸಿನಲ್ಲಿ ಕಂಡ ಕಾವೇರಿಗೂ ಕಲ್ಪನಾಗೂ ಹೋಲಿಕೆ ಆಗುತ್ತದಾ ಅಂತ ನೋಡಲು ಹೋದರು. ನಟಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಯಾವುದಿದೆ?

ಆ ಪರೀಕ್ಷೆಯಲ್ಲಿ ಆಕೆ ಹೇಗೆ ಪಾಸಾದರು, ಅದನ್ನು ಬರೆಯಿರಿ. ನೀವು 'ಅದ್ಭುತ', 'ಮನೋಜ್ಞ', 'ನಭೂತೋ' ಅಂತೆಲ್ಲ ಹಾಕಿದ್ದೀರಿ. ಏನು ಮಾಡಿದರು ಅನ್ನುವುದು ಮಾತ್ರ ಇಲ್ಲ. 'ಶರಪಂಜರ'ವನ್ನು 'ಹುಚ್ಚಿಯ ಪಾತ್ರ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಅದು ಅನ್ಯಾಯ. ಹೆರಿಗೆಯ ನಂತರ ಮನಸ್ಸು ಕೆಡುವುದನ್ನು ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಕಾವೇರಿಗೆ ಅದು ಬರುತ್ತದೆ, ಆಸ್ಪತ್ರೆಗೆ ಹೋಗುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಸಿನಿಮಾ ನಿಜವಾಗಿ ಶುರುವಾಗುವುದು ಆಮೇಲೆ. ಅವಳಿಗೆ ವಾಸಿಯಾಗಿದೆ, ಮನೆಗೆ ವಾಸಿಯಾಗಿಲ್ಲ. ಅವಳು ನಕ್ಕರೆ ಅನುಮಾನ, ಅತ್ತರೆ ಅನುಮಾನ. ಗಂಡನ ಮನಸ್ಸು ಆಗಲೇ ಬೇರೆ ಕಡೆ ವಾಲಿದೆ. ಆ ನಡುವಿನ ಭಾಗದಲ್ಲಿ ಕಲ್ಪನಾ ಅವರನ್ನು ಗಮನಿಸಿ. 'ನಾನು ಸರಿಯಾಗಿದ್ದೇನೆ' ಅಂತ ತೋರಿಸಿಕೊಳ್ಳಲು ಒಬ್ಬ ಆರೋಗ್ಯವಂತೆ ಎಷ್ಟು ಹುಷಾರಾಗಿ ನಡೆದುಕೊಳ್ಳಬೇಕಾಗುತ್ತದೆ, ಅದನ್ನು ಆಕೆ ಮುಖದಲ್ಲೇ ತಂದಿದ್ದಾರೆ. ಎಲ್ಲರೂ ಹೊಗಳುವುದು ಕೊನೆಯ ದೃಶ್ಯವನ್ನು, ಮತ್ತೆ ಆಸ್ಪತ್ರೆಗೆ ಹೋಗುವುದನ್ನು. ನನಗೆ ಅಲ್ಲಿ ದನಿ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ. ನೀವು ಒಪ್ಪಬೇಕಿಲ್ಲ. ಆದರೆ ಒಪ್ಪದಿದ್ದರೆ ಯಾಕೆ ಅಂತ ಬರೆಯಿರಿ, ಅದು ಲೇಖನ ಆಗುತ್ತದೆ.

ಅತಿಯಾಗಿ ನಟಿಸುತ್ತಾರೆ ಅನ್ನುವ ದೂರು ಕಲ್ಪನಾ ಮೇಲೆ ಮೊದಲಿನಿಂದ ಇದೆ. ನೀವು ಅದರ ಸುದ್ದಿಗೇ ಹೋಗಿಲ್ಲ. ಅಭಿಮಾನಿ ಬಚ್ಚಿಡುವುದನ್ನು ಲೇಖಕ ಬಚ್ಚಿಡಬಾರದು. ದೂರಿಗೆ ಉತ್ತರ ಬೇಕಿದ್ದರೆ 'ಎರಡು ಕನಸು' ಮತ್ತೆ ನೋಡಿ. ಕಲ್ಪನಾ ಮಾಡಿದ ಗೌರಿಯ ಗಂಡನಿಗೆ ಬೇರೆಯವಳ ಮೇಲೆ ಮನಸ್ಸಿದೆ. ಹೂವು ತಂದಿದ್ದೇನೆ, ರಾಮಾ ಬಾಗಿಲು ತೆಗೆ ಎಂದು ದೇವರನ್ನು ಕೇಳುವ ಹಾಡು ಅವಳದು. ಗಂಡನ ಹೆಸರೂ ರಾಮಚಂದ್ರ. ಹಾಡಿನ ದನಿ ಎಸ್. ಜಾನಕಿಯವರದು, ನೀವು ಬರೆದ ಹಾಗೆ 'ಕಲ್ಪನಾ ಹಾಡಿದ' ಹಾಡಲ್ಲ. ಕಲ್ಪನಾ ಅವರದ್ದು ಮುಖ. ಆ ಮುಖದಲ್ಲಿ ದೂರಿಲ್ಲ, ಗೋಳಿಲ್ಲ, ಬರೀ ಕಾಯುವುದಿದೆ. ಇಷ್ಟು ಕಡಿಮೆಯಲ್ಲಿ ಮಾಡಬಲ್ಲವರು ಬೇರೆ ಕಡೆ ಯಾಕೆ ಅಷ್ಟು ಜೋರಾಗಿ ಮಾಡಿದರು? ನಿರ್ದೇಶಕರಿಗೆ ಹಾಗೆ ಬೇಕಿತ್ತಾ? ಜನ ಅದನ್ನೇ ಕೇಳುತ್ತಿದ್ದರಾ? ಇದು ಬಹಳ ಒಳ್ಳೆಯ ಪ್ರಶ್ನೆ, ನಿಮಗೇ ಬಿಟ್ಟುಕೊಟ್ಟಿದ್ದೇನೆ.

ಸೀರೆ ಮತ್ತು ರವಿಕೆಯ ಬಗ್ಗೆ ಬರೆದ ಪ್ಯಾರಾ ಇರಲಿ. ಚೆನ್ನಾಗಿದೆ. 'ಮಿನುಗುತಾರೆ' ಅನ್ನುವ ಬಿರುದನ್ನು ಒಂದೇ ಕಡೆ ಉಳಿಸಿಕೊಂಡು ಉಳಿದ ಕಡೆಯೆಲ್ಲ 'ಕಲ್ಪನಾ' ಎಂದು ಬರೆಯಿರಿ. ಹೆಸರೇ ಅಷ್ಟು ಚೆಂದ ಇದೆ.

ಈಗ ಅಜ್ಜಿ. ಆರನೇ ಪುಟದ ಕೆಳಗೆ, ಕಂಸದಲ್ಲಿ, ನಾಚಿಕೊಂಡು ಬರೆದಂತೆ ಮೂರು ಸಾಲು ಇದೆ. 'ಶರಪಂಜರ' ನೋಡಿ ಬಂದ ನಮ್ಮಜ್ಜಿ ಎರಡು ದಿನ ತಾತನ ಜೊತೆ ಮಾತಾಡಲಿಲ್ಲ, ತಾತನಿಗೆ ತಾನು ಏನು ತಪ್ಪು ಮಾಡಿದೆ ಅಂತ ಕೊನೆವರೆಗೂ ಗೊತ್ತಾಗಲಿಲ್ಲ ಅಂತ. ಓದಿ ಜೋರಾಗಿ ನಕ್ಕೆ. ಆಮೇಲೆ ನಗು ನಿಂತಿತು. ಇದನ್ನು ಕಂಸದಿಂದ ಬಿಡಿಸಿ ಮೊದಲ ಪುಟಕ್ಕೆ ತನ್ನಿ. ಗೋಟೂರಿನ ಕೋಣೆ ಇರುವ ಜಾಗದಲ್ಲಿ ನಿಮ್ಮ ಅಜ್ಜಿ ಸಿನಿಮಾ ಮುಗಿಸಿ ಮನೆಗೆ ನಡೆದು ಬರಲಿ.

ಅಜ್ಜಿ ಇನ್ನೂ ಇದ್ದಾರೆ, ಮಾತು ಸ್ಪಷ್ಟ ಇದೆ ಎಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ಈ ವಾರವೇ ಹೋಗಿ ಕೂತುಕೊಳ್ಳಿ. ಕಾದಂಬರಿ ಮೊದಲು ಓದಿದ್ದರಾ, ಸಿನಿಮಾ ಮೊದಲು ನೋಡಿದರಾ? ಟೆಂಟಾ, ಟಾಕೀಸಾ? ಜೊತೆಗೆ ಯಾರಿದ್ದರು? ಅವರಿಗೆ ಗೊತ್ತಿದ್ದ ಬಾಣಂತಿ ಸನ್ನಿಯ ಹೆಂಗಸು ಯಾರಾದರೂ ಊರಲ್ಲಿ ಇದ್ದರಾ? ಕೊನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಿ, ಹೇಳದಿದ್ದರೆ ಬಲವಂತ ಬೇಡ, ಹೇಳಿದರೂ ಆ ಹೆಸರು ಅಚ್ಚಿಗೆ ಬೇಡ.

ನಾಲ್ಕು ಪುಟ ಸಾಕು. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಮತ್ತೆ ಇನ್ನೊಂದು, ನನ್ನ ಸ್ವಂತ ಕುತೂಹಲಕ್ಕೆ. ಆ ಎರಡು ದಿನ ಮನೆಯಲ್ಲಿ ಅಡುಗೆ ಯಾರು ಮಾಡಿದರು ಅಂತ ಅಜ್ಜಿಯನ್ನು ಕೇಳಿ.

ನಿಮ್ಮ,
ಸಂಪಾದಕ