ಕಥೆಯೊಳಗಿನ ಸೋದರಮಾವ

ಮುಲುಂಡಿನ ಹಿರಿಯ ಓದುಗರೊಬ್ಬರ ಪತ್ರದ ಸಾರ: ‘ನಿಮ್ಮ ಪತ್ರಿಕೆಯ ಮಕ್ಕಳ ಧಾರಾವಾಹಿಯಲ್ಲಿ ಕಾರ್ಕಳದ ಕಡೆಯ ತಬ್ಬಲಿ ಹುಡುಗಿಯೊಬ್ಬಳು ಡೊಂಬಿವಲಿಯ ಸೋದರಮಾವನ ಮನೆಗೆ ಬರುತ್ತಾಳೆ, ಆತ ಮಕ್ಕಳ ನೆರಳನ್ನು ಕದ್ದು ಟ್ರಂಕಿನಲ್ಲಿ ಬೀಗ ಹಾಕಿಡುವ ಮಾಟಗಾರ. ನಾನೂ ಮಾವನ ಕೈಹಿಡಿದೇ ಮುಂಬಯಿಗೆ ಬಂದವನು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಿಂದ ಮರಳುವವರೆಗೆ ಅವರು ಉಣ್ಣದೆ ಕಾಯುತ್ತಿದ್ದರು. ಮಾಟಗಾರ ಬೇಕಿದ್ದರೆ ಹೊರಗಿನವನೊಬ್ಬನನ್ನು ತರಬಾರದಿತ್ತೇ? ಈ ಮಾಯಾಮಂತ್ರದಿಂದ ಮೂಢನಂಬಿಕೆ ಬೆಳೆಯುವುದಿಲ್ಲವೇ?’

ಮಾನ್ಯರೆ,

ತಮ್ಮ ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ನೆರಳನ್ನು ಟ್ರಂಕಿನಲ್ಲಿ ಮಡಚಿಡಲಾಗದೆಂಬುದು ಎಂಟು ವರ್ಷದ ಮಗುವಿಗೂ ಗೊತ್ತು. ಗೊತ್ತಿರುವುದರಿಂದಲೇ ಕಥೆ ಅದಕ್ಕೆ ರುಚಿಸುತ್ತದೆ. ಮಕ್ಕಳು ನಂಬುವುದು ದೊಡ್ಡವರು ನಿಜವೆಂದು ಗಂಭೀರವಾಗಿ ಹೇಳುವ ಮಾತುಗಳನ್ನು.

ಮಾವನ ಪ್ರಶ್ನೆ ಅಷ್ಟು ಸುಲಭದ್ದಲ್ಲ. ತುಳುನಾಡಿನಲ್ಲಿ ಅಳಿಯಸಂತಾನದ ಕಟ್ಟು ನಡೆದ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಎಂದರೆ ಅಕ್ಕತಂಗಿಯರ ಮಕ್ಕಳನ್ನು ಕಾಯಬೇಕಾದವನೂ ಅವನೇ, ಅವರ ಪಾಲಿನ ಪೆಟ್ಟಿಗೆಯ ಬೀಗದಕೈ ಇಟ್ಟುಕೊಂಡವನೂ ಅವನೇ. ಹೆಚ್ಚಿನವರು ತಮ್ಮ ಮಾವನವರಂತೆ ಕಾಯ್ದರು; ಆದರೆ ಕಾಯದಿದ್ದವನ ಮನೆಯಲ್ಲಿ ಮಗು ಯಾರಿಗೆ ದೂರು ಕೊಡಬೇಕು? ನಮ್ಮ ಲೇಖಕಿಯ ಟ್ರಂಕು ನನಗೆ ಈ ಪೆಟ್ಟಿಗೆಯಂತೆಯೇ ಕಂಡಿತು. ಅಲ್ಲದೆ, ಕೃಷ್ಣನಿಗೆ ಕಂಸನು ಸೋದರಮಾವನೇ ಅಲ್ಲವೇ? ಅಷ್ಟಮಿಯ ದಿನ ಮೊಮ್ಮಕ್ಕಳಿಗೆ ನವಿಲುಗರಿ ಸಿಕ್ಕಿಸುವಾಗ ಯಾವ ಮಾವನೂ ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಮಾಟಗಾರನನ್ನು ಹೊರಗಿನವನಾಗಿಸುವ ಸಲಹೆಗೆ ಹಳೆಯದೊಂದು ನಿದರ್ಶನವಿದೆ. ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹದಲ್ಲಿ, ಬಡ ದಂಪತಿಗಳು ಮಕ್ಕಳಿಬ್ಬರನ್ನು ಕಾಡಿನಲ್ಲಿ ಬಿಟ್ಟುಬರುವ ಪ್ರಸಿದ್ಧ ಕಥೆಯಿದೆ. 1812ರ ಮೊದಲ ಆವೃತ್ತಿಯಲ್ಲಿ ಹಾಗೆ ಮಾಡುವಂತೆ ಗಂಡನನ್ನು ಒತ್ತಾಯಿಸುವವಳು ಹೆತ್ತ ತಾಯಿಯೇ. 1840ರ ಆವೃತ್ತಿಯ ಹೊತ್ತಿಗೆ ಆಕೆ ಮಲತಾಯಿಯಾಗಿದ್ದಳು. ಹೆತ್ತವಳ ಮಾನವೇನೋ ಉಳಿಯಿತು, ಆದರೆ ಅಂದಿನಿಂದ ಆ ಕಥೆಯ ಅಪವಾದ ಮಲತಾಯಂದಿರ ತಲೆಗೆ ಬಿತ್ತು. ನಾವೂ ಮಾವನನ್ನು ಬಿಡಿಸಲು ಹೋಗಿ ಬೀದಿಯ ಭಿಕ್ಷುಕನನ್ನೋ ಪರಭಾಷೆಯ ನೆರೆಯವನನ್ನೋ ಮಾಟಗಾರನನ್ನಾಗಿಸಿದ್ದರೆ, ಮುಂಬಯಿಯಂಥ ಊರಿನಲ್ಲಿ ಅದು ಇನ್ನೂ ಕೆಟ್ಟ ಪಾಠವಾಗುತ್ತಿತ್ತು. ಹೊರಗಿನವನಿಗೆ ಬಾಗಿಲು ತೆರೆಯಬಾರದೆಂದು ಮಕ್ಕಳಿಗೆ ಹೇಗೂ ಕಲಿಸಿದ್ದೇವೆ. ಬಾಗಿಲ ಒಳಗೇ ಇರುವವನ ಬಗ್ಗೆ ಮಾತನಾಡಲು ಅವರಿಗೆ ಕಥೆಯಲ್ಲದೆ ಬೇರೆ ದಾರಿ ಕಡಿಮೆ.

ನಮ್ಮ ಜನಪದರು ಈ ವಿಷಯದಲ್ಲಿ ಹಿಂಜರಿಯಲಿಲ್ಲ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಕಥೆಯೊಂದರಲ್ಲಿ, ಕೊಡದ ನೀರು ಸುರಿದರೆ ಹೂವಿನ ಮರವಾಗಿ, ಮತ್ತೊಂದು ಕೊಡ ಸುರಿದರೆ ಮರಳಿ ಮನುಷ್ಯಳಾಗುವ ಹುಡುಗಿಯಿದ್ದಾಳೆ. ಕೊಂಬೆರೆಂಬೆ ಮುರಿದ ಆ ಮರಕ್ಕೆ ನೀರನ್ನು ಸರಿಯಾಗಿ ಸುರಿಯದೆ, ಅವಳು ಅರೆಮರ ಅರೆಮನುಷ್ಯಳಾಗಿ ಉಳಿಯುವುದಕ್ಕೆ ಕಾರಣಳಾದವಳು ಗಂಡನ ಸ್ವಂತ ತಂಗಿ. ಆ ಕಥೆಯಲ್ಲಿ ನಾದಿನಿಯ ಬದಲು ದಾರಿಹೋಕಳೊಬ್ಬಳಿದ್ದರೆ ಹುಡುಗಿ ತನ್ನ ಗುಟ್ಟನ್ನು ಅವಳೆದುರು ಬಿಚ್ಚುತ್ತಲೇ ಇರಲಿಲ್ಲ.

ತಪ್ಪೊಂದು ಮಾತ್ರ ನಮ್ಮಿಂದ ಆಗಿದೆ, ತಾವು ಅದನ್ನು ಎತ್ತದಿದ್ದರೂ ಹೇಳಬೇಕು. ನಾಲ್ಕನೆಯ ಕಂತಿನಲ್ಲಿ ಅತ್ತೆಯ ಕಟುತನಕ್ಕೆ ‘ಮಕ್ಕಳಿಲ್ಲದ ಹೊಟ್ಟೆ’ಯೇ ಕಾರಣವೆಂಬ ಸಾಲು ಬಂದಿದೆ. ಮಾವನ ದುರಾಸೆಯನ್ನು ಕಥೆ ಹೆಜ್ಜೆಹೆಜ್ಜೆಯಾಗಿ ತೋರಿಸುತ್ತದೆ. ಅತ್ತೆಗೆ ಮಾತ್ರ ಬರೀ ಬೈಗುಳದ ಕಾರಣ ಅಂಟಿಸಿದ್ದೇವೆ. ಕರಡು ತಿದ್ದುವಾಗ ನಾನು ಹಿಡಿಯಬೇಕಿತ್ತು. ಪುಸ್ತಕವಾಗುವಾಗ ಆ ಸಾಲನ್ನು ತೆಗೆಯಲು ಲೇಖಕಿ ಒಪ್ಪಿದ್ದಾರೆ.

ಉಣ್ಣದೆ ಕಾಯುತ್ತಿದ್ದ ಆ ಮಾವನವರ ಬಗ್ಗೆ ತಾವು ಬರೆದಿರುವುದು ಒಂದೇ ಸಾಲು. ಅದನ್ನು ಎರಡು ಪುಟಕ್ಕೆ ಬೆಳೆಸಿ ಕಳುಹಿಸಿದರೆ ಧಾರಾವಾಹಿಯ ಎದುರು ಪುಟದಲ್ಲೇ ಅಚ್ಚುಹಾಕುತ್ತೇನೆ.

– ಸಂಪಾದಕ