ಹಾಲು ಕರೆಯುವ ಹೊತ್ತು

(ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನಾನು ಆಪ್ತ ಸಮಾಲೋಚಕಿ. ಗಿರಿಜಾ ನನ್ನ ಬಳಿ ಬಂದು ಕೂತವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡೇ, "ಅವ್ವನ ಮೇಲೆ ಕೈ ಮಾಡಿದೆ ಮೇಡಂ" ಅಂದರು.

ವಯಸ್ಸು 54. ದಾವಣಗೆರೆ ಕಡೆಯವರು. ಗಂಡ ತೀರಿಕೊಂಡಿದ್ದಾರೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ತಾಯಿಗೆ 79. ಹಳ್ಳಿಯಲ್ಲಿ ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿ ಮೂರು ಮಕ್ಕಳನ್ನು ಬೆಳೆಸಿದವರು. ಮರೆವು ಶುರುವಾದಾಗ ನೆಂಟರೆಲ್ಲ "ಅರವತ್ತಕ್ಕೆ ಅರಳು ಮರುಳು" ಅಂದು ಕೈ ತೊಳೆದುಕೊಂಡರು. ಎರಡು ವರ್ಷ ಹಾಗೇ ಹೋಯಿತು. ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರಬಹುದು. ಅದಕ್ಕೆ ಔಷಧಿ ಇದೆ. ರಕ್ತ ಪರೀಕ್ಷೆಯನ್ನೂ ಮಾಡಿಸದೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬಾರದು. ಈ ತಾಯಿಗೆ ಇದ್ದದ್ದು ಆಲ್‌ಝೈಮರ್ಸ್, ಅಂದರೆ ನೆನಪು, ತಿಳುವಳಿಕೆ ನಿಧಾನವಾಗಿ ಕುಗ್ಗುತ್ತಾ ಹೋಗುವ ಮಿದುಳಿನ ಕಾಯಿಲೆ.

ಹಗಲು ಹೇಗೋ ಕಳೆಯುತ್ತದೆ. ಕಷ್ಟ ಇರುವುದು ಸಂಜೆ. ಐದೂವರೆ ಆದರೆ ಸಾಕು, ತಾಯಿ ಎರಡು ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಾರೆ. "ಮನಿಗೆ ಹೋಗ್ಬೇಕು, ಎಮ್ಮಿ ಹಾಲು ಕರೀಬೇಕು." ಗಿರಿಜಾ ದಿನವೂ ಹೇಳುತ್ತಿದ್ದರು: "ಇದೇ ನಮ್ಮನಿ ಅವ್ವ, ಎಮ್ಮಿ ಮಾರಿ ಇಪ್ಪತ್ತು ವರ್ಷ ಆತು." ತಾಯಿ ಕೂಗಾಡುತ್ತಿದ್ದರು. ಅವತ್ತು ಹೊಲಿಯಲು ಬ್ಲೌಸ್ ಕೊಟ್ಟವರು ಹೊರಗೆ ಕಾಯುತ್ತಿದ್ದರು. ಗಿರಿಜಾ ತಾಯಿಯ ಕೈ ಹಿಡಿದು ಜೋರಾಗಿ ಎಳೆದರು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು.

ನಾನು ನೇರವಾಗಿ ಕೇಳಿದೆ. ಎಷ್ಟು ಸಲ ಹೀಗಾಗಿದೆ? ಗಾಯ ಹೇಗಿದೆ? ಮತ್ತೆ ಆಗಬಹುದು ಅನ್ನಿಸುತ್ತದೆಯಾ? "ಪರವಾಗಿಲ್ಲ ಬಿಡಿ, ಎಲ್ಲರಿಗೂ ಸಿಟ್ಟು ಬರುತ್ತೆ" ಅಂತ ನಾನು ಹೇಳಲಿಲ್ಲ. ತಾಯಿಗೆ ನೋವಾಗಿದೆ, ಅದು ಮತ್ತೆ ಆಗಕೂಡದು. ಆದರೆ ಒಬ್ಬರೇ ಮೂರು ವರ್ಷ ಸರಿಯಾಗಿ ನಿದ್ದೆ ಮಾಡದೆ ನೋಡಿಕೊಂಡರೆ ಯಾರ ಕೈಯಾದರೂ ಒಂದು ದಿನ ಹೀಗೆ ತಪ್ಪಬಹುದು. ಇವೆರಡನ್ನೂ ಅವರಿಗೆ ಹೇಳಿದೆ. ಸಿಟ್ಟು ಏರಿದ ತಕ್ಷಣ ಮಾಡಬೇಕಾದ್ದನ್ನು ಅಲ್ಲೇ ಗೊತ್ತು ಮಾಡಿಕೊಂಡೆವು: ಗೇಟಿನ ಚಿಲಕ ಹಾಕುವುದು, ತಾಯಿಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲುವುದು, ಪಕ್ಕದ ಮನೆಯ ಅಕ್ಕನನ್ನು ಕೂಗುವುದು.

ಮಾತಿನ ನಡುವೆ ಒಂದು ವಿಷಯ ಕಿವಿಗೆ ಬಿತ್ತು. ಗಲಾಟೆ ಹತ್ತು ದಿನದಿಂದ ದಿಢೀರನೆ ಜಾಸ್ತಿಯಾಗಿತ್ತು. ಹಾಸಿಗೆ ಒದ್ದೆಯಾಗುತ್ತದೆ ಎಂದು ಗಿರಿಜಾ ತಾಯಿಗೆ ನೀರು ಕೊಡುವುದನ್ನು ಕಡಿಮೆ ಮಾಡಿದ್ದರು. ಈ ಕಾಯಿಲೆ ನಿಧಾನವಾಗಿ ಏರುವಂಥದ್ದು. ನಾಲ್ಕು ದಿನದಲ್ಲಿ ಮನುಷ್ಯ ಬದಲಾದರೆ ಬೇರೆ ಏನೋ ಇದೆ ಎಂದು ಅರ್ಥ. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೊಸ ಮಾತ್ರೆ, ಎಲ್ಲೋ ಒಂದು ನೋವು. ವಯಸ್ಸಾದವರಲ್ಲಿ ಜ್ವರ ಕಾಣದೆಯೂ ಸೋಂಕು ಇರಬಹುದು. ಮಾರನೇ ದಿನವೇ ಡಾಕ್ಟರ ಹತ್ತಿರ ಹೋಗಿ ಎಂದೆ. ಮೂತ್ರದ ಸೋಂಕೇ ಇತ್ತು. ಔಷಧಿ ಮುಗಿಯುವಷ್ಟರಲ್ಲಿ ಅರ್ಧ ಗಲಾಟೆ ಇಳಿಯಿತು.

ಉಳಿದರ್ಧಕ್ಕೆ ದಾರಿ ಬೇರೆ. ಸಂಜೆ ಬೆಳಕು ಇಳಿಯುತ್ತಿದ್ದಂತೆ ಗೊಂದಲ ಹೆಚ್ಚುವುದು ಈ ಕಾಯಿಲೆಯಲ್ಲಿ ತುಂಬಾ ಜನರಿಗೆ ಆಗುತ್ತದೆ. ಅದಕ್ಕೇ ಕತ್ತಲಾಗುವ ಮೊದಲೇ ಮನೆಯ ದೀಪಗಳನ್ನೆಲ್ಲ ಹಾಕಿ ಎಂದೆ. ನೀರನ್ನು ಹಗಲಲ್ಲೇ ಆಗಾಗ ಕುಡಿಸಿ, ಮಲಗುವ ಮುಂಚೆ ಬಚ್ಚಲಿಗೆ ಕರೆದುಕೊಂಡು ಹೋಗಿ. ಮುಖ್ಯವಾಗಿ, ವಾದ ಬೇಡ.

"ಹಂಗಾದ್ರೆ ಸುಳ್ಳು ಹೇಳ್ಬೇಕಾ ಮೇಡಂ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ, ಅಲ್ವಾ? ಸುಳ್ಳು ಬೇಕಿಲ್ಲ. ಆ ಹೊತ್ತಿಗೆ ಹಾಲು ಕರೆಯದಿದ್ದರೆ ಮಕ್ಕಳು ಉಪವಾಸ ಎಂಬ ಚಿಂತೆ ಆ ತಾಯಿಯ ಕೈಕಾಲಿನಲ್ಲಿ ಇನ್ನೂ ಉಳಿದಿದೆ. ನಾವು ಆ ಚಿಂತೆಗೆ ಉತ್ತರ ಕೊಡಬೇಕು. "ನಿನ್ನ ಎಮ್ಮಿ ಎಷ್ಟು ಸೇರು ಹಾಲು ಕೊಡ್ತಿತ್ತವ್ವ?" ಎಂದು ಕೇಳಬಹುದು. ಕೈಗೆ ಕೆಲಸ ಕೊಡಬಹುದು.

ಗಿರಿಜಾ ಮೊರದಲ್ಲಿ ಅವರೆಕಾಯಿ ಹಾಕಿಕೊಟ್ಟರು. ತಾಯಿ ಅರ್ಧ ಗಂಟೆ ಬಿಡಿಸುತ್ತಾ ಕೂತರಂತೆ. ಕೆಲವು ದಿನ ಮೊರವನ್ನೇ ತಳ್ಳಿ ಏಳುತ್ತಾರೆ. ಆಗ ಇಬ್ಬರೂ ಗಂಟು ಹಿಡಿದುಕೊಂಡೇ ಬೀದಿ ಕೊನೆಯವರೆಗೆ ನಡೆದು ವಾಪಸ್ ಬರುತ್ತಾರೆ. ಬಾಗಿಲು ಕಂಡಾಗ ತಾಯಿಯೇ "ಮನಿ ಬಂತು" ಅನ್ನುತ್ತಾರಂತೆ.

ಅಣ್ಣ ತಮ್ಮಂದಿರ ವಿಷಯಕ್ಕೆ ಬರುತ್ತೇನೆ. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಊರಿನಲ್ಲಿ. "ಹೆಣ್ಮಕ್ಕಳು ನೋಡ್ಕೊಂಡಂಗೆ ಆಗುತ್ತಾ" ಎಂದು ಹೊಗಳುತ್ತಲೇ ಇಬ್ಬರೂ ಜಾರಿಕೊಂಡಿದ್ದರು. ತಂದೆ ತಾಯಿಯನ್ನು ನೋಡಿಕೊಳ್ಳುವ ಹೊಣೆ ಗಂಡು, ಹೆಣ್ಣು ಎಲ್ಲ ಮಕ್ಕಳದೂ ಎಂದು 2007ರ ಹಿರಿಯ ನಾಗರಿಕರ ಕಾಯ್ದೆಯೇ ಹೇಳುತ್ತದೆ. ಅಲ್ಲಿಯವರೆಗೆ ಹೋಗುವ ಮೊದಲು ಒಂದು ಫೋನ್ ಮಾಡಿ ನೋಡಿ ಎಂದೆ. "ಸ್ವಲ್ಪ ಸಹಾಯ ಮಾಡಿ" ಎಂದರೆ ಯಾರೂ ಬರುವುದಿಲ್ಲ. ದಿನ, ಹೊತ್ತು, ಹಣ ಹೆಸರಿಟ್ಟು ಕೇಳಬೇಕು. ನಾನೇ ಎದುರಿಗೆ ಕೂತು ಮಾಡಿಸಿದೆ: "ಅಣ್ಣ, ತಿಂಗಳಿಗೆ ಎರಡು ಶನಿವಾರ ನೀನು ಬಂದು ರಾತ್ರಿ ಇರಬೇಕು. ಡೈಪರ್, ಮಾತ್ರೆ ಖರ್ಚು ತಮ್ಮನದು." ಹೇಳುವಾಗ ಗಿರಿಜಾ ಕೈ ನಡುಗುತ್ತಿತ್ತು.

ಹಿರಿಯರ ಸಹಾಯವಾಣಿ 14567, ಮನಸ್ಸಿಗೆ ತಡೆಯಲಾಗದಾಗ ಟೆಲಿ ಮಾನಸ್ 14416. ಎರಡನ್ನೂ ಹೊಲಿಗೆ ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಲು ಹೇಳಿದೆ.

ನಾಲ್ಕನೇ ಭೇಟಿಗೆ ಬಂದಾಗ ಅವರ ಕಣ್ಣಿನ ಸುತ್ತ ಕಪ್ಪು ಸ್ವಲ್ಪ ಇಳಿದಿತ್ತು. ಅಣ್ಣ ಎರಡು ಶನಿವಾರ ಬಂದರು, ಮೂರನೆಯದಕ್ಕೆ ಬರಲಿಲ್ಲ. ತಾಯಿ ಈಗ ಮಗಳ ಹೆಸರು ಮರೆತಿದ್ದಾರೆ, "ಅಕ್ಕಾ" ಎಂದು ಕರೆಯುತ್ತಾರೆ. ಅದನ್ನು ಹೇಳುವಾಗ ಗಿರಿಜಾ ಅತ್ತರು, ನಾನು ತಡೆಯಲಿಲ್ಲ. ಮುಂದಿನ ಸಲ ಅಣ್ಣನನ್ನೂ ಕರೆದುಕೊಂಡು ಬರುತ್ತಾರಂತೆ.